ಎರಡು ತಿಂಗಳು ಹನ್ನೊಂದು ದಿನ

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಹುಣಸೂರಿನಲ್ಲಿ ಕಂಪ್ಯೂಟರ್ ಇಟ್ಟುಕೊಂಡವರಿಗೆಲ್ಲ ಗೊತ್ತು. ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ರಿಪೇರಿ ಅಂಗಡಿ. 'ಧರ್ಮೇಂದ್ರ ಬೈತಾನೆ, ಆದ್ರೆ ಸರಿ ಮಾಡಿಕೊಡ್ತಾನೆ' ಎನ್ನುವುದು ಊರಿನವರು ನನಗೆ ಕೊಟ್ಟಿರುವ ಸರ್ಟಿಫಿಕೇಟು. ಅದರ ಎರಡನೆಯ ಅರ್ಧ ಸುಳ್ಳಾದದ್ದು ಒಂದೇ ಒಂದು ಸಲ. ಎರಡು ಸಾವಿರದ ಮೂರನೇ ಇಸವಿಯಲ್ಲಿ, ಗುರುಪುರದ ಶಿವರುದ್ರಮ್ಮನವರ ಮನೆಯಲ್ಲಿ. ಆ ಸಲ ಬೈಸಿಕೊಳ್ಳಬೇಕಾಗಿದ್ದವನು ನಾನು. ಅವರು ಬೈಯಲೂ ಇಲ್ಲ.

ಕಂಪ್ಯೂಟರ್ ಬೇಕಾಗಿದ್ದದ್ದು ಅವರ ಸೊಸೆ ರಮ್ಯಾಳಿಗೆ. ಬಿ.ಕಾಂ. ಓದಿದ ಹುಡುಗಿ. ಗಂಡ ಶಿವಶಂಕರ ಹೊಗೆಸೊಪ್ಪಿನ ಬೇಸಾಯದಲ್ಲಿ ಮುಳುಗಿರುತ್ತಿದ್ದ. ಇವಳು ಮನೆಯ ಮುಂದಿನ ಕೋಣೆಯಲ್ಲಿ ಅರ್ಜಿ, ಲಗ್ನಪತ್ರಿಕೆ ಟೈಪ್ ಮಾಡಿಕೊಡುವ ಅಂಗಡಿ ತೆರೆಯುತ್ತೇನೆಂದಾಗ ಗಂಡನಿಗಿಂತ ಮೊದಲು ಹೂಂ ಅಂದವರು ಅತ್ತೆಯಂತೆ. ಆ ಅತ್ತೆಯೇ ಜುಲೈ ಹದಿನೈದರಂದು, ನಾನು ಡಬ್ಬಗಳನ್ನೆಲ್ಲ ಬಿಚ್ಚಿ, ವೈರು ಜೋಡಿಸಿ, ಮೈ ಬೆವರು ಒರೆಸಿಕೊಳ್ಳುತ್ತಿದ್ದಾಗ ಬಾಗಿಲಲ್ಲಿ ಬಂದು ನಿಂತರು.

"ಇವತ್ತು ಸ್ವಿಚ್ ಒತ್ತಂಗಿಲ್ಲ ಕಣಪ್ಪ. ಆಸಾಡ. ಜೋಡ್ಸಿಟ್ಟು ಓಗು. ಸ್ರಾವಣ ಬಂದ ಮ್ಯಾಲೆ ಬಂದು ಸುರು ಮಾಡ್ಕೊಡು."

"ಶ್ರಾವಣದಲ್ಲಿ ನಂಗೆ ಕೆ.ಆರ್. ನಗರದಲ್ಲಿ ಕೆಲಸ ಅಮ್ಮಾ. ಆಮೇಲೆ ಪಿರಿಯಾಪಟ್ಟಣ. ಗೌರಿ ಹಬ್ಬದ ತನಕ ಈ ಕಡೆ ತಲೆ ಹಾಕೋಕಾಗಲ್ಲ."

"ಅಂಗಾದ್ರೆ ಗೌರಿ ಅಬ್ಬ ಕಳೀಲಿ."

ರಮ್ಯಾಳ ಮುಖ ಸಪ್ಪಗಾಯಿತು. ಅತ್ತೆಗೆ ಎದುರಾಡುವ ಹುಡುಗಿಯಲ್ಲ ಅವಳು. ಅದನ್ನು ನೋಡಿ ನನಗೆ ಮರುಕ ಬಂದದ್ದು ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ, ಇಪ್ಪತ್ತು ಕಿಲೋಮೀಟರಿನ ಆಸುಪಾಸು ನನ್ನ ಟಿ.ವಿ.ಎಸ್. ತುಳಿದುಕೊಂಡು ಇನ್ನೊಮ್ಮೆ ಬರಬೇಕಲ್ಲ ಎಂಬ ಸಿಟ್ಟು. ಸಿಟ್ಟು ಬಂದಾಗ ನನ್ನ ತಲೆ ಚುರುಕಾಗುತ್ತದೆ. ಆ ಚುರುಕುತನವನ್ನು ನಂಬಬಾರದೆಂದು ಈಗ ಗೊತ್ತಾಗಿದೆ.

"ಅಮ್ಮಾ, ಯಾವ ದಿನ ಆಗಿದ್ರೆ ನಿಮಗೆ ಒಪ್ಪಿಗೆ?" ಎಂದೆ.

"ಅಕ್ಷಯ ತದಿಗೆ ಆಗಿದ್ರೆ ಪಂಚಾಂಗನೇ ನೋಡ್ಬೇಕಿರ್ಲಿಲ್ಲ. ಅದು ಮೇ ನಾಕಕ್ಕೇ ಓಯ್ತಲ್ಲ."

"ಎಲ್ಲೂ ಹೋಗಿಲ್ಲ. ನೀವು ಹೋಗಿ ಕುಂಕುಮ, ಊದುಬತ್ತಿ ತನ್ನಿ."

ಅವರು ಒಳಗೆ ಹೋಗಿ ಬರುವಷ್ಟರಲ್ಲಿ ನಾನು ಕಂಪ್ಯೂಟರನ್ನು ಚಾಲೂ ಮಾಡಿ, ಅದರ ತಾರೀಖನ್ನು ಮೇ ನಾಲ್ಕಕ್ಕೆ ತಿರುಗಿಸಿ, ಮತ್ತೆ ಆರಿಸಿದೆ. ಆಮೇಲೆ ಅವರ ಕೈಯಿಂದಲೇ ಸ್ವಿಚ್ ಒತ್ತಿಸಿ, ಪರದೆಯ ಮೇಲೆ ಕ್ಯಾಲೆಂಡರು ತೆಗೆದು ತೋರಿಸಿದೆ. ಅವರು ಸೆರಗಿನಿಂದ ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿದರು.

"ಒಳಗಡೆ ಅಕ್ಷಯ ತದಿಗೆನಾ?"

"ಒಳಗಡೆ ಅದೇ."

"ಕೆಲ್ಸ ಮಾಡಾದು ಒಳಗಡೆ ತಾನೆ. ಅಂಗಾದ್ರೆ ಸರಿ ಬುಡು." ಮಾನಿಟರಿನ ಹಣೆಗೆ ಕುಂಕುಮ ಇಟ್ಟು ಕೈಮುಗಿದರು. ರಮ್ಯಾ ನನ್ನ ಕಡೆ ನೋಡಿ ನಗು ತಡೆದುಕೊಂಡಳು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಆಗ ಹಳ್ಳಿಯಲ್ಲಿ ಇಂಟರ್ನೆಟ್ ಅಂದರೆ ಟೆಲಿಫೋನ್ ತಂತಿಯೊಳಗೆ ಕಿರುಗುಟ್ಟಿಕೊಂಡು ಬರಬೇಕು. ಲೈನು ಹಿಡಿದುಕೊಂಡೇ ಪತ್ರ ಬರೆಯುತ್ತ ಕೂರುವ ಹಾಗಿಲ್ಲ. ಅದಕ್ಕೆ ಮೇಲ್ ಪ್ರೋಗ್ರಾಂ ಒಂದನ್ನು ಹಾಕಿಕೊಟ್ಟೆ. ಪತ್ರ ಮೊದಲೇ ಬರೆದಿಟ್ಟುಕೊಂಡು, ಆಮೇಲೆ ಲೈನು ಸೇರಿಸಿ ಒಂದು ಗುಂಡಿ ಒತ್ತಿದರೆ ಬರೆದದ್ದು ಹೋಗುತ್ತದೆ, ಬಂದದ್ದು ಇಳಿಯುತ್ತದೆ. ಹೆಸರು, ಪಾಸ್‌ವರ್ಡು, ಬರುವ ಪತ್ರಕ್ಕೊಂದು ಸರ್ವರ್, ಹೋಗುವ ಪತ್ರಕ್ಕೊಂದು ಸರ್ವರ್, ಎಲ್ಲ ತುಂಬಿಸಿದೆ. ಅಷ್ಟರಲ್ಲಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಬಂತು. ಮೋಡ ಕಟ್ಟಿತ್ತು. ಹೊರಡುವಾಗ ರಮ್ಯಾ, "ಸಾರ್, ತಾರೀಖು ಸರಿ ಮಾಡ್ಬೇಕಲ್ವಾ?" ಎಂದಳು.

ಒಳಗಿನಿಂದಲೇ ಅತ್ತೆ ಕೂಗಿದರು: "ಮುಟ್ಬ್ಯಾಡ ಕಣವ್ವ. ಒಳ್ಳೆ ಗಳಿಗೇಲಿ ಓಡ್ತಾ ಅದೆ, ಅದರ ಪಾಡ್ಗೆ ಓಡ್ಲಿ."

ಕಂಪ್ಯೂಟರಿನ ತಾರೀಖಿನಿಂದ ಯಾರಿಗೇನು ನಷ್ಟ ಎಂದುಕೊಂಡು ನಾನೂ ಗಾಡಿ ಹತ್ತಿದೆ. ಹುಣಸೂರು ಮುಟ್ಟುವುದರೊಳಗೆ ಮಳೆಯಲ್ಲಿ ನೆನೆದು ತೊಪ್ಪೆಯಾಗಿದ್ದೆ. ಆ ವಿಷಯ ಅಲ್ಲಿಗೆ ಮರೆತೇಹೋಯಿತು.

ನವೆಂಬರ್ ಹದಿನಾಲ್ಕರ ಬೆಳಿಗ್ಗೆ ರಮ್ಯಾಳ ಫೋನು ಬಂತು. "ಸಾರ್, ಮೇಲ್ ಹೋಗ್ತಾ ಇಲ್ಲ ಅನ್ಸುತ್ತೆ."

"ಅನ್ಸುತ್ತೆ ಅಂದ್ರೆ? ಹೋಗ್ತಾ ಇದೆಯೋ ಇಲ್ವೋ?"

"ಹೋಗಿದೆ ಅಂತ ತೋರ್ಸುತ್ತೆ. ಆದ್ರೆ ಮೂರು ತಿಂಗಳಿಂದ ಒಂದಕ್ಕೂ ಉತ್ತರ ಬಂದಿಲ್ಲ."

"ಉತ್ತರ ಬರದಿದ್ರೆ ಓದಿದೋರನ್ನ ಕೇಳಮ್ಮ. ಮೆಕ್ಯಾನಿಕ್ ಏನು ಮಾಡ್ತಾನೆ?"

ಅವಳು ದನಿ ತಗ್ಗಿಸಿ, "ಅತ್ತೆ ಸರಿಯಾಗಿ ಊಟ ಮಾಡ್ತಾ ಇಲ್ಲ ಸಾರ್," ಎಂದಳು.

ಮೇಲಿಗೂ ಊಟಕ್ಕೂ ಏನು ಸಂಬಂಧ ಎಂದು ಗೊಣಗಿಕೊಂಡೇ ಹೋದೆ. ಹೋಗಿ ನೋಡಿದರೆ ಎಲ್ಲ ಸರಿಯಾಗಿಯೇ ಇತ್ತು. ಲೈನು ಸಿಕ್ಕಿತು. ನನ್ನ ಅಂಗಡಿಯಿಂದ ಬೆಳಿಗ್ಗೆಯೇ ಕಳಿಸಿ ಬಂದಿದ್ದ ಪತ್ರ ಟಪಕ್ಕನೆ ಬಂದು ಇಳಿಯಿತು. ಹಾಗಾದರೆ ಬರುವ ದಾರಿ ಚೆನ್ನಾಗಿದೆ, ಹೋಗುವ ದಾರಿಯಲ್ಲಿ ಏನೋ ಎಡವಟ್ಟು. ಕಳಿಸಿದ ಪತ್ರಗಳ ಪೆಟ್ಟಿಗೆ ತೆರೆದೆ. ಹನ್ನೊಂದು ಪತ್ರ. ಎಲ್ಲವೂ ಒಂದೇ ವಿಳಾಸಕ್ಕೆ. ವಿಳಾಸದ ಒಂದೊಂದು ಅಕ್ಷರವನ್ನೂ ಅವರ ಹತ್ತಿರವಿದ್ದ ಚೀಟಿಯ ಜೊತೆ ಹೋಲಿಸಿದೆ. ಚುಕ್ಕಿ ಕೂಡ ತಪ್ಪಿರಲಿಲ್ಲ. ತಪ್ಪಿದ್ದರೆ ಪತ್ರ ವಾಪಸಾದರೂ ಬರಬೇಕಿತ್ತು. ಅದೂ ಬಂದಿಲ್ಲ.

"ಯಾರಿದು ಲಾಮೊ?" ಎಂದೆ.

ಶಿವರುದ್ರಮ್ಮ ಹೊಸ್ತಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಂತಿತು. "ಕ್ಯಾಂಪಿನೋಳು," ಎಂದರು. ಕ್ಯಾಂಪು ಅಂದರೆ ಊರ ಪಕ್ಕದ ಟಿಬೆಟಿನವರ ವಸತಿ. "ಅವ್ರು ಕಾಡ್ ಕಡ್ದು ಒಲ ಮಾಡ್ದಾಗ ಅವ್ಳಿಗೂ ಇಪ್ಪತ್ತು, ನಂಗೂ ಇಪ್ಪತ್ತು. ನಮ್ಮೊಲಕ್ಕೆ ಕಳೆ ತೆಗ್ಯಕ್ಕೆ ಬರೋಳು. ನಮ್ ಮಾತ ನನ್ ಅತ್ರನೇ ಕಲ್ತಳು. ಜೋಳ ಕಾಯಕ್ಕೆ ಅಟ್ಟಣೆ ಮ್ಯಾಲೆ ಇಬ್ರೂ ಒಂದೇ ಕಂಬ್ಳಿ ಒದ್ಕಂಡು ಕೂತಿರ್ತಿದ್ವಿ. ಆಮೇಲೆ ಮಗಳ ಜೊತೆ ಸ್ವಿಟ್ಜರ್ಲೆಂಡ್‌ಗೆ ಓದ್ಳು. ಹದಿನೈದು ವರ್ಸ ಆಯ್ತು."

ಉಳಿದದ್ದನ್ನು ರಮ್ಯಾ ಹೇಳಿದಳು. ಶ್ರಾವಣದಲ್ಲಿ ಕ್ಯಾಂಪಿಗೆ ಬಂದ ಯಾರೋ ನೆಂಟನ ಕೈಯಲ್ಲಿ ಲಾಮೊ ಒಂದು ಪತ್ರ ಕಳಿಸಿದ್ದಳು. ಫೆಬ್ರವರಿಯಲ್ಲಿ ತಮ್ಮ ಹೊಸ ವರ್ಷದ ಹಬ್ಬಕ್ಕೆ ಉತ್ತರ ಭಾರತದಲ್ಲಿರುವ ಅಣ್ಣನ ಮನೆಗೆ ಬರುತ್ತಾಳಂತೆ. ವಯಸ್ಸಾಯಿತು, ಇದೇ ಕೊನೆಯ ಸಲವಂತೆ. 'ಬಾ ಅಂತ ನೀನು ಬರೆದರೆ ಗುರುಪುರಕ್ಕೂ ಬತ್ತೀನಿ ಅಕ್ಕ. ಬರೀದಿದ್ರೂ ಕೋಪ ಇಲ್ಲ. ನವೆಂಬರ್ ಮುಗಿಯೋದ್ರೊಳಗೆ ಟಿಕೆಟ್ ಮಾಡಿಸ್ಬೇಕು.' ಮನೆ ಬದಲಾಯಿಸುತ್ತಿದ್ದರಿಂದ ಹೊಸ ಮನೆಯ ವಿಳಾಸವಾಗಲಿ ಫೋನ್ ನಂಬರಾಗಲಿ ಇಲ್ಲ. ಇದ್ದದ್ದು ಈ ಒಂದು ಮೇಲ್ ವಿಳಾಸ ಮಾತ್ರ. ನೆಂಟ ಅದಾಗಲೇ ಎಲ್ಲಿಗೋ ಹೋಗಿಯಾಗಿತ್ತು. ಕ್ಯಾಂಪಿನಲ್ಲಿ ಬೇರೆ ಯಾರಿಗೂ ಅವಳ ಸುದ್ದಿ ಗೊತ್ತಿರಲಿಲ್ಲ.

ಅಂದಿನಿಂದ ವಾರಕ್ಕೊಂದರಂತೆ ಅತ್ತೆ ಹೇಳಿದ್ದಾರೆ, ಸೊಸೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡಿದ್ದಾಳೆ. ಅಲ್ಲಿ ಮೊಮ್ಮಗಳು ಅರ್ಥ ತಿಳಿಯದೆ ಗಟ್ಟಿಯಾಗಿ ಓದುತ್ತಾಳೆ, ಅಜ್ಜಿ ಕೇಳಿಸಿಕೊಳ್ಳುತ್ತಾಳೆ ಎಂಬುದು ಲಾಮೊ ಹೇಳಿಕೊಟ್ಟ ಉಪಾಯ.

ಬೇರೆಯವರ ಪತ್ರ ಓದಬಾರದು. ನಾನು ಓದಿದೆ. ಪತ್ರ ಪೂರ್ತಿ ಹೋಗಿದೆಯೋ ಅರ್ಧಕ್ಕೆ ತುಂಡಾಗಿದೆಯೋ ನೋಡಬೇಕಲ್ಲ ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ಮೊದಲ ಮೂರರಲ್ಲಿ ಮಳೆ, ಎಮ್ಮೆ, ಲಾಮೊಳ ಹಳೆ ಮನೆ ಮುಂದಿನ ಸೀಬೆ ಮರ. ನಾಲ್ಕನೆಯದು ಬೇರೆ ತರಹ ಇತ್ತು.

'ಲಾಮೊ, ನಮ್ ಮಗ್ಳು ಸುಧನ ಮದ್ವೆ ದಿನದ ಮಾತು ಬರಿಸ್ತಾ ಇವ್ನಿ. ನೀನು ಮುಂದ್ಲು ಪಂಕ್ತೀಲಿ ಎಲೆ ಮುಂದೆ ಕೂತಿದ್ದೆ. ನಾನು ಉಪ್ಪು ಬಡಿಸ್ಕಂಡು ಬತ್ತಿದ್ದೆ. ನಮ್ ದೊಡ್ಡ ಭಾವ ಬಂದು, ಮಾಂಸ ತಿನ್ನೋರ್ನ ನಮ್ ಸಾಲಲ್ಲಿ ಕೂರಿಸ್ಬ್ಯಾಡಿ, ಇತ್ಲಲ್ಲಿ ಬ್ಯಾರೆ ಬಡಿಸಿ ಅಂದ್ರು. ನೀನು ನನ್ ಮಕ ನೋಡ್ದೆ. ನಾನು ಉಪ್ಪಿನ ತಟ್ಟೆ ನೋಡ್ದೆ. ನಂಗೆ ಅಸಿವಿಲ್ಲ ಅಕ್ಕ ಅಂತ ನಕ್ಕೊಂಡು ಎದ್ದೋದೆ. ಸುಧಂಗೆ ನೀನು ಎಣ್ದಿದ್ದ ಸ್ವೆಟರ್ ಬಾಗ್ಲತ್ರ ಇಟ್ಟೋಗಿದ್ದೆ. ಆಮೇಲೆ ಎರಡು ವರ್ಸ ನಮ್ಮನೆಗೆ ಬಂದೆ, ಮಾತಾಡ್ದೆ, ಒಂದ್ ತುತ್ತು ತಿನ್ನಲಿಲ್ಲ. ನಾನೂ ಕೇಳ್ಲಿಲ್ಲ. ಭಾವ ಈಗಿಲ್ಲ. ಇದ್ದಿದ್ರೂ ತಪ್ಪು ಅವರ್ದಲ್ಲ, ನಂದು. ಬಾಯಿ ನಂಗೂ ಇತ್ತು.'

ಅಲ್ಲಿಂದ ಮುಂದಿನ ಏಳೂ ಪತ್ರಗಳಲ್ಲಿ ಒಂದೊಂದೇ ಸಾಲು. 'ಲಾಮೊ, ಓದಿದ್ಯಾ?' 'ಲಾಮೊ, ಬೈದಾದ್ರೂ ಬರಿ.'

ಪತ್ರದ ಪೆಟ್ಟಿಗೆ ಮುಚ್ಚಿದೆ. ಮನಸ್ಸು ಕಲಕಿದಾಗ ನನಗೆ ಕೋಪ ಬರುತ್ತದೆ. ಲೈನು ಸರಿಯಿಲ್ಲ ಅಂದೆ, ಮೋಡೆಮ್ ಡಕೋಟ ಅಂದೆ, ರಮ್ಯಾಳಿಗೆ, "ನೀವೇನಾದ್ರೂ ಒತ್ತಬಾರದ್ದು ಒತ್ತಿದ್ರಾ?" ಎಂದು ಗದರಿದೆ. ಪಾಪ, ಅವಳು ಇಲ್ಲ ಅಂದಳು. ಹೋಗುವ ಸರ್ವರಿನ ಹೆಸರನ್ನು ಅಳಿಸಿ ಮತ್ತೆ ಬರೆದೆ. ಅಲ್ಲಿಂದ ನನ್ನ ಅಂಗಡಿಯ ವಿಳಾಸಕ್ಕೆ 'ಪರೀಕ್ಷೆ ಒಂದು' ಎಂದು ಒಂದು ಪತ್ರ ಕಳಿಸಿ ಹುಣಸೂರಿಗೆ ಬಂದೆ.

ಬಂದು ನನ್ನ ಪೆಟ್ಟಿಗೆ ತೆರೆದರೆ ಮೇಲುಗಡೆ ಎಲ್ಲ ಕೆಲಸಕ್ಕೆ ಬಾರದ ಜಾಹೀರಾತು. ಪರೀಕ್ಷೆಯ ಪತ್ರ ಇಲ್ಲ. ಸಂಜೆಯವರೆಗೆ ಕಾದೆ. ಇಲ್ಲ.

ಮರುದಿನ ಮತ್ತೆ ಹೋದೆ. ಖಾತೆಯನ್ನೇ ಕಿತ್ತುಹಾಕಿ ಹೊಸದಾಗಿ ಮಾಡಿದೆ. ಹೋಗುವ ಸರ್ವರಿಗೂ ಪಾಸ್‌ವರ್ಡು ಕೊಡಬೇಕೆಂಬ ಗುರುತು ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಕಾಯುವ ಸಮಯ ಹೆಚ್ಚಿಸಿದೆ. ಗೊತ್ತಿದ್ದ ವಿದ್ಯೆಯೆಲ್ಲ ಖಾಲಿಯಾಯಿತು. 'ಪರೀಕ್ಷೆ ಎರಡು' ಕಳಿಸಿ ಬಂದೆ. ಅದೂ ನನ್ನ ಪೆಟ್ಟಿಗೆಯಲ್ಲಿ ಕಾಣಲಿಲ್ಲ. ತಲೆ ಕೆಟ್ಟು ಹೋಯಿತು. ರಮ್ಯಾಳಿಗೆ ಫೋನ್ ಮಾಡಿ ಸರ್ವರಿನವರನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ. ನಡುವೆ ಶಿವರುದ್ರಮ್ಮ ಫೋನು ತೆಗೆದುಕೊಂಡರು.

"ಧರ್ಮಪ್ಪ, ನಿನ್ ಮಿಸನ್ನು ಸರಿಯಾಗೇ ಅದೆ ಬುಡು. ಕಾಗ್ದ ಓಗ್ಯದೆ. ಅವ್ಳು ಓದವ್ಳೆ. ಓದಿದ್ಕೇ ಬರ್ದಿಲ್ಲ. ಅವ್ಳ ಮನ್ಸು ಎಂಗೆ ಸರಿ ಮಾಡೀಯ ನೀನು? ಸುಮ್ಕೆ ಅಲೀಬ್ಯಾಡ."

ಫೋನಿಟ್ಟು ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡೆ. ಹದಿನೇಳು ವರ್ಷ ಎದೆಯಲ್ಲಿಟ್ಟುಕೊಂಡಿದ್ದ ಮಾತನ್ನು ಆಕೆ ಹೇಗೋ ಬಾಯಿಬಿಟ್ಟು ಹೇಳಿದ್ದಾರೆ. ಅದಕ್ಕೆ ಸಿಕ್ಕ ಉತ್ತರ ಮೌನ ಎಂದುಕೊಂಡಿದ್ದಾರೆ. ನನಗೆ ನನ್ನ ವಿದ್ಯೆಯ ಮೇಲೇ ಅಸಹ್ಯವಾಯಿತು.

ಐದು ದಿನ ಕಳೆಯಿತು. ಆರನೆಯ ದಿನ ಬೆಳಿಗ್ಗೆ, ಕೆ.ಆರ್. ನಗರದ ಒಬ್ಬರು ಸೆಪ್ಟೆಂಬರ್ ಮೊದಲ ವಾರ ತಮ್ಮ ಪ್ರಿಂಟರಿನ ಮಾಡೆಲ್ ನಂಬರ್ ಬರೆದು ಕಳಿಸಿದ್ದರಲ್ಲ, ಅದು ಬೇಕಾಗಿತ್ತು. ನನ್ನ ಪೆಟ್ಟಿಗೆಯಲ್ಲಿ ಪತ್ರಗಳು ಕಳಿಸಿದ ತಾರೀಖಿನ ಪ್ರಕಾರ ಒಂದರ ಕೆಳಗೊಂದು ಕೂತಿರುತ್ತವೆ. ಕೆಳಗೆ ಇಳಿದೆ. ನವೆಂಬರ್, ಅಕ್ಟೋಬರ್, ಸೆಪ್ಟೆಂಬರ್. ಸೆಪ್ಟೆಂಬರ್ ಮೂರರಂದು ಒಂದು ಪತ್ರ: 'ಪರೀಕ್ಷೆ ಒಂದು'. ಸೆಪ್ಟೆಂಬರ್ ನಾಲ್ಕರಂದು ಇನ್ನೊಂದು: 'ಪರೀಕ್ಷೆ ಎರಡು'.

ಎರಡನ್ನೂ ಇನ್ನೂ ಯಾರೂ ತೆರೆದಿರಲಿಲ್ಲ.

ಮುಖಕ್ಕೆ ತಣ್ಣೀರು ಎರಚಿದ ಹಾಗಾಯಿತು. ನವೆಂಬರ್ ಹದಿನಾಲ್ಕಕ್ಕೆ ಕಳಿಸಿದ್ದು ಸೆಪ್ಟೆಂಬರ್ ಮೂರಕ್ಕೆ ಹೇಗೆ ಹೋಯಿತು? ಬೆರಳು ಮಡಿಸಿ ಎಣಿಸಿದೆ. ಎರಡು ತಿಂಗಳು ಹನ್ನೊಂದು ದಿನ. ಜುಲೈ ಹದಿನೈದರಿಂದ ಮೇ ನಾಲ್ಕಕ್ಕೆ ಎಷ್ಟೋ ಅಷ್ಟೇ. ಆ ಮನೆಯ ಕಂಪ್ಯೂಟರು ಇನ್ನೂ ಅಕ್ಷಯ ತದಿಗೆಯ ಲೆಕ್ಕದಲ್ಲೇ ನಡೆಯುತ್ತಿತ್ತು. ಪತ್ರದ ಮೇಲೆ ತಾರೀಖು ಬರೆಯುವುದು ಅದೇ ಕಂಪ್ಯೂಟರು. ಹೋಗುವ ದಾರಿಯೂ ಸರಿ, ಬರುವ ದಾರಿಯೂ ಸರಿ. ಹನ್ನೊಂದೂ ಪತ್ರ ಸ್ವಿಟ್ಜರ್ಲೆಂಡ್ ಮುಟ್ಟಿವೆ. ಮುಟ್ಟಿದ ಕ್ಷಣದಲ್ಲೇ ಹಳೆಯ ಕಾಗದಗಳ ಕೆಳಗೆ, ಯಾರೂ ನೋಡದ ಜಾಗಕ್ಕೆ ಇಳಿದುಬಿಟ್ಟಿವೆ. ಕಳಿಸಿದ ಪೆಟ್ಟಿಗೆಯಲ್ಲೂ ಆ ತಾರೀಖುಗಳು ನನ್ನ ಕಣ್ಣೆದುರಿಗೇ ಇದ್ದವು. ಕಣ್ಣು ನೋಡಿತ್ತು, ತಲೆಗೆ ಹೋಗಿರಲಿಲ್ಲ. ಪತ್ರ ಓದುವುದರಲ್ಲಿ ಮುಳುಗಿದ್ದೆನಲ್ಲ.

ಗುರುಪುರದ ದಾರಿಯುದ್ದಕ್ಕೂ ಒಂದು ಆಲೋಚನೆ ಬಿಡದೆ ಕಾಡಿತು. ಏನನ್ನೂ ಹೇಳದೆ ತಾರೀಖು ಸರಿ ಮಾಡಿ, 'ಸರ್ವರ್ ಸರಿ ಹೋಯಿತು' ಎಂದುಬಿಟ್ಟರೆ ನನ್ನ ಸರ್ಟಿಫಿಕೇಟಿಗೆ ಏನೂ ಆಗುವುದಿಲ್ಲ. ಯಾರಿಗೂ ತಿಳಿಯುವುದೂ ಇಲ್ಲ. ಊರ ಬಾಗಿಲಿನವರೆಗೂ ಹಾಗೇ ಮಾಡುವುದೆಂದು ಗಟ್ಟಿ ಮಾಡಿಕೊಂಡಿದ್ದೆ. ಮನೆಯೊಳಗೆ ಕಾಲಿಟ್ಟರೆ ಶಿವರುದ್ರಮ್ಮ ಅದೇ ಹೊಸ್ತಿಲ ಮೇಲೆ ಕೂತಿದ್ದರು. ಒಂದು ವಾರದಲ್ಲಿ ಮುಖ ಸಣ್ಣದಾಗಿತ್ತು. ಈ ಹೆಂಗಸು 'ತಪ್ಪು ನಂದು' ಅಂತ ಬರೆಸಿದ ಪತ್ರ ಓದಿದವನು ನಾನು. ಆ ಮೇಲೂ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

"ಅಮ್ಮಾ, ತಪ್ಪು ನಂದು," ಎಂದೆ. ನಿಂತಲ್ಲೇ ಎಲ್ಲ ಹೇಳಿದೆ. ನನಗೆ ನೆನಪಿರುವ ಮಟ್ಟಿಗೆ ಗಿರಾಕಿಗಳ ಮುಂದೆ ನಾನು ಆ ಮಾತು ಆಡಿದ್ದು ಅದೇ ಮೊದಲು.

ಶಿವರುದ್ರಮ್ಮ ತಲೆಯೆತ್ತಿ ನನ್ನನ್ನೇ ನೋಡಿದರು. ಆಮೇಲೆ, "ಅಂಗಾದ್ರೆ ಅವ್ಳು ಓದೇ ಇಲ್ವಾ?" ಎಂದರು.

"ನೋಡೇ ಇಲ್ಲ ಅಮ್ಮಾ. ನಿಮ್ಮ ಕಾಗದ ಎಲ್ಲಾ ಹೋಗಿ ಕೆಳಗಡೆ ಕೂತಿವೆ. ಮೇಲುಗಡೆ ಮಾತ್ರ ನೋಡಿದೋರಿಗೆ ಕಾಣಲ್ಲ."

"ಕಡೇ ಸಾಲಲ್ಲಿ."

"ಹೂಂ."

"ಅವ್ಳನ್ನ ಮುಂದ್ಲು ಸಾಲಿಂದ ಎಬ್ಬಿಸ್ದೋಳು ನಾನು," ಎಂದು ಅವರು ನಿಧಾನವಾಗಿ ಹೇಳಿದರು. "ನನ್ ಕಾಗ್ದ ಕಡೇ ಸಾಲಲ್ಲಿ ಕಾಯ್ಕಂಡ್ ಕೂತವೆ. ಕೂತ್ಕಳ್ಲಿ. ಅದು ನ್ಯಾಯವೇ ಕಣಪ್ಪ." ಇದ್ದಕ್ಕಿದ್ದಂತೆ ನಕ್ಕರು. ನಗುತ್ತಲೇ ಕಣ್ಣು ತುಂಬಿಕೊಂಡಿತು. ಸೆರಗಿನಿಂದ ಮೂಗು ಒರೆಸಿಕೊಂಡು, "ಓದಿಲ್ಲ ಕಣೇ ರಮ್ಯಾ, ಅವ್ಳು ಓದೇ ಇಲ್ಲ! ನಾನು ಸುಮ್ಕೆ ಅವ್ಳ ಮ್ಯಾಲೆ..." ಎಂದು ಮಾತು ನುಂಗಿದರು.

ನನ್ನನ್ನು ಬೈಯಿರಿ ಅಮ್ಮಾ ಎಂದೆ. "ಬೈಯದೇನು? ಆಸಾಡ ಅಂದೋಳು ನಾನು, ಮುಟ್ಬ್ಯಾಡ ಅಂದೋಳೂ ನಾನು. ಕೂತ್ಕೊ. ಮೊದ್ಲು ಅದರ ಗಳಿಗೆ ಸರಿ ಮಾಡು."

ನವೆಂಬರ್ ಇಪ್ಪತ್ತೊಂದು ಎಂದು ತಿದ್ದಿದೆ. ಅವರು ಬಗ್ಗಿ ನೋಡಿ, ತಲೆಯಾಡಿಸಿದರು.

ರಮ್ಯಾ ಹನ್ನೊಂದು ಪತ್ರವನ್ನೂ ಮತ್ತೆ ಕಳಿಸೋಣ ಅಂದಳು. ಅತ್ತೆ ಬೇಡ ಅಂದರು. "ಒಂದೇ ಬರಿ. 'ಲಾಮೊ, ನಾನು ಸ್ರಾವಣದಿಂದ ಬರೀತಾನೇ ಇವ್ನಿ. ಎಲ್ಲಾ ನಿನ್ ಪೆಟ್ಟಿಗೆ ತಳದಲ್ಲಿ ಅವಂತೆ. ಕೆಳೀಕೆ ಇಳ್ದು ನೋಡು. ನಾಕ್ನೇದ ಮೊದ್ಲು ಓದು. ಆಮೇಲೆ ಬರ್ಬೇಕು ಅನ್ನಿಸಿದ್ರೆ ಬಾ.' ಅಷ್ಟು ಸಾಕು."

ಮೋಡೆಮ್ ಕಿರುಗುಟ್ಟಿತು. ಪತ್ರ ಹೋಯಿತು. ನಾನು ಹುಣಸೂರಿಗೆ ಬಂದವನೇ ನನ್ನ ಪೆಟ್ಟಿಗೆ ನೋಡಿದೆ. ಅಲ್ಲಿಂದ ಕಳಿಸಿದ್ದ 'ಪರೀಕ್ಷೆ ಮೂರು' ಎಲ್ಲಕ್ಕಿಂತ ಮೇಲೆ ಕೂತಿತ್ತು.

ಲಾಮೊ ಟಿಕೆಟ್ ಮಾಡಿಸಲು ಇನ್ನುಳಿದದ್ದು ಒಂಬತ್ತು ದಿನ. ದಿನಾ ಸಂಜೆ ಅಂಗಡಿ ಮುಚ್ಚುವ ಮೊದಲು ಫೋನ್ ಮಾಡುತ್ತಿದ್ದೆ. "ಬಂತಾ?" "ಇಲ್ಲ ಸಾರ್." ನಾಲ್ಕು ದಿನ ಅದೇ. ನನ್ನ ಹೆಂಡತಿ, "ಯಾರದ್ದೋ ಕಾಗದಕ್ಕೆ ನಿಮಗ್ಯಾಕೆ ಇಷ್ಟೊಂದು ಒದ್ದಾಟ?" ಎಂದು ಕೇಳಿದಳು. ಹೇಳಿದೆ. ಮರುದಿನದಿಂದ ನಾನು ಮನೆಗೆ ಕಾಲಿಡುವ ಮುಂಚೆ, "ಬಂತಂತಾ?" ಎಂದು ಅವಳೇ ಕೇಳಲು ಶುರುಮಾಡಿದಳು.

ಐದನೆಯ ದಿನ ಬೆಳಿಗ್ಗೆ ಫೋನು. "ಸಾರ್, ಬಂದಿದೆ. ಅತ್ತೆ ಓದಬೇಡ ಅಂತಾರೆ. ನೀವು ಬಂದ ಮೇಲೇ ಓದ್ಬೇಕಂತೆ."

ಅವತ್ತು ಟಿ.ವಿ.ಎಸ್. ಅನ್ನು ಎಷ್ಟು ಜೋರಾಗಿ ಓಡಿಸಿದೆನೆಂದರೆ ಎರಡು ಕಡೆ ಬೈಸಿಕೊಂಡೆ. ಹೋದಾಗ ಶಿವರುದ್ರಮ್ಮ ಗೋಡೆಗೆ ಒರಗಿ ನಿಂತಿದ್ದರು. ಸೊಸೆಯ ಕೈ ಹಿಡಿದುಕೊಂಡಿದ್ದರು. "ನೀನೇ ಓದಪ್ಪ," ಎಂದರು. "ಬೈದಿದ್ರೂ ಬಿಡ್ದೆ ಓದು."

ಓದಿದೆ.

'ಅಕ್ಕ, ಹನ್ನೊಂದೂ ಓದಿಸ್ದೆ. ನಾಕನೇದು ಎರಡು ಸಲ. ಮೊಮ್ಮಗಳು ದಿನಾ ಮೇಲಿಂದು ನೋಡಿ ಇಲ್ಲ ಅಜ್ಜಿ ಅನ್ನೋಳು. ನೀನು ಬರಿಯಲ್ಲ ಅಂದ್ಕಂಡಿದ್ದೆ. ನಂಗೆ ಸಿಟ್ಟಿಲ್ಲ. ಒಂದಿನಾನೂ ಇರ್ಲಿಲ್ಲ ಅಂದ್ರೆ ಸುಳ್ಳಾಯ್ತದೆ. ಸ್ವಲ್ಪ ದಿನ ಇತ್ತು, ಈ ಕಡೆ ಹಿಮ ಬೀಳೋದು ನೋಡ್ತಾ ನೋಡ್ತಾ ಹೋಯ್ತು. ಟಿಕೆಟ್ ಮಾಡಿಸ್ದೆ. ಫೆಬ್ರವರಿ ಹದಿನೆಂಟಕ್ಕೆ ಗುರುಪುರಕ್ಕೆ ಬತ್ತೀನಿ. ನೀನು ನಿಜ ಹೇಳಿದ್ಯಲ್ಲ, ನಾನೂ ಒಂದು ಹೇಳ್ತೀನಿ. ಅವತ್ತು ಅಸಿವಿಲ್ಲ ಅಂದೆ. ಅಸಿವಿತ್ತು ಅಕ್ಕ. ಸುಧನ ಮದ್ವೆ ಊಟ ಅಂತ ಬೆಳಗಿಂದ ಏನೂ ತಿಂದಿರ್ಲಿಲ್ಲ. ಎಲೆ ಹಾಕು. ಉಪ್ಪು ನೀನೇ ಬಡಿಸು.'

ಶಿವರುದ್ರಮ್ಮ ಗೋಡೆಗೆ ಒರಗಿದ್ದವರು ಹಾಗೇ ಕೆಳಗೆ ಕುಸಿದು ಕೂತರು. ಬಾಯಿಗೆ ಸೆರಗು ಅದುಮಿಕೊಂಡು, ಸದ್ದಿಲ್ಲದೆ, ಭುಜ ಕುಲುಕುತ್ತ ಅತ್ತರು. ರಮ್ಯಾ ಪಕ್ಕದಲ್ಲಿ ಕೂತು ಬೆನ್ನು ಸವರಿದಳು. ನಾನು ಪರದೆಯ ಕಡೆ ತಿರುಗಿಕೊಂಡೆ. ಅಕ್ಷರ ಒಂದೂ ಕಾಣುತ್ತಿರಲಿಲ್ಲ.

"ಅಸಿವಿತ್ತಂತೆ ಕಣೇ," ಎಂದರು ಕೊನೆಗೆ. "ಅಸ್ಕಂಡೇ ನಡ್ಕಂಡೋದ್ಳಾ ಕ್ಯಾಂಪ್ ಗಂಟ?"

ರಮ್ಯಾ ಅವರಿಗೆ ಕುಡಿಯಲು ನೀರು ತಂದುಕೊಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಅವರೇ ಎದ್ದು ಮುಖ ತೊಳೆದುಕೊಂಡು ಬಂದು ಬಾಳೆಲೆ, ಬೆಲ್ಲ, ಕಡಲೆಬೇಳೆ ಎಂದು ಲೆಕ್ಕ ಹಾಕಲು ತೊಡಗಿದರು. ಇನ್ನೂ ಮೂರು ತಿಂಗಳಿದೆ ಅತ್ತೆ ಎಂದಳು ರಮ್ಯಾ. ಆಮೇಲೆ ಅಭ್ಯಾಸಬಲದಿಂದ ಗೋಡೆಯ ಮೊಳೆಗೆ ತೂಗುಹಾಕಿದ್ದ ಪಂಚಾಂಗಕ್ಕೆ ಕೈ ಚಾಚಿದಳು.

"ಹದಿನೆಂಟು ಹೆಂಗಿದೆ ನೋಡ್ಲಾ ಅತ್ತೆ? ದಿನ ಚೆನ್ನಾಗಿಲ್ದೆ ಇದ್ರೆ 'ಒಂದಿನ ಬಿಟ್ಟು ಬಾ' ಅಂತ ಬರೀಬಹುದು."

"ಅದ ಅಲ್ಲೇ ನೇತಾಕು," ಎಂದರು ಶಿವರುದ್ರಮ್ಮ. "ಅವ್ಳು ಬಂದಿದ್ದೇ ದಿನ."

ರಮ್ಯಾ ಪಂಚಾಂಗವನ್ನು ಮೊಳೆಗೆ ಸಿಕ್ಕಿಸಿ ನನಗೆ ಕಾಫಿ ತರಲು ಒಳಗೆ ಹೋದಳು. ನಾನು ಹೊರಡುವ ಮೊದಲು, ಇರಲಿ ಎಂದು, ಕಂಪ್ಯೂಟರಿನ ತಾರೀಖನ್ನು ಇನ್ನೊಂದು ಸಲ ನೋಡಿದೆ.